ಬೆಳಗಿನ ಮಂಪರು ಮತ್ತು ಬೆಳಕು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಿಗ್ಗೆ ಏಳುವ ಕಷ್ಟದ ಮಾತು ಬಂದರೆ ಎಲ್ಲರ ಬಳಿಯೂ ಒಂದು ಪ್ರಶ್ನೆ ಇರುತ್ತದೆ. ಮಾತಿನ ನಡುವೆ, ಪತ್ರಗಳಲ್ಲಿ, ಕಾಮೆಂಟುಗಳಲ್ಲಿ ಮತ್ತೆ ಮತ್ತೆ ಬಂದವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಒಟ್ಟು ಮಾಡಿದ್ದೇನೆ. ಸುಲಭದವು ಮೊದಲು, ತಲೆ ಕೆಡಿಸುವವು ಆಮೇಲೆ. ನಾನು ವೈದ್ಯನಲ್ಲ. ಕಣ್ಣಿನ ತೊಂದರೆ ಇರುವವರು, ಮನಸ್ಸಿನ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿರುವವರು ಕೊನೆಯ ಭಾಗದಲ್ಲಿರುವ ಥೆರಪಿ ಲ್ಯಾಂಪಿನ (ಚಿಕಿತ್ಸೆಗೆ ಬಳಸುವ ಜೋರು ಬೆಳಕಿನ ದೀಪದ) ಪ್ರಶ್ನೆಯನ್ನು ಮೊದಲು ಓದಿ.

## ಶುರುವಿನ ಪ್ರಶ್ನೆಗಳು

ಎಂಟು ಗಂಟೆ ಮಲಗಿದ್ರೂ ಎದ್ದಾಗ ತಲೆ ಮಂಕಾಗಿರುತ್ತೆ. ಇದು ಕಾಯಿಲೆನಾ?

ಬಹುಪಾಲು ಜನರಿಗೆ ಕಾಯಿಲೆ ಅಲ್ಲ. ಮಿದುಳು ಒಂದೇ ಸಲಕ್ಕೆ ಪೂರ್ತಿ ಎಚ್ಚರವಾಗುವುದಿಲ್ಲ. ಎಚ್ಚರವನ್ನು ನೋಡಿಕೊಳ್ಳುವ ಒಳಭಾಗಗಳಿಗೆ ರಕ್ತದ ಹರಿವು ಮೊದಲು ಏರುತ್ತದೆ. ಯೋಚನೆ, ತೀರ್ಮಾನದ ಕೆಲಸ ಮಾಡುವ ಹಣೆಯ ಹಿಂದಿನ ಭಾಗ ಕೊನೆಗೆ ಸರಿಹೋಗುತ್ತದೆ. ಅದಕ್ಕೇ ಕಣ್ಣು ಬಿಟ್ಟಿರುತ್ತೇವೆ, ಬಚ್ಚಲಿಗೂ ಹೋಗಿ ಬರುತ್ತೇವೆ, ಆದರೆ ಯಾರಾದರೂ ಏನಾದರೂ ಕೇಳಿದರೆ ಉತ್ತರ ಹೊಳೆಯುವುದಿಲ್ಲ. ಸಾಮಾನ್ಯವಾಗಿ 15ರಿಂದ 30 ನಿಮಿಷದಲ್ಲಿ ಇದರ ಬಹುಭಾಗ ಕಳೆಯುತ್ತದೆ. ಕೆಲವರಿಗೆ ಒಂದು ಗಂಟೆ ಬೇಕು.

ಮಂಪರು ಜಾಸ್ತಿಯಾಗುವುದಕ್ಕೆ ಮುಖ್ಯವಾಗಿ ಮೂರು ಕಾರಣ. ಹಿಂದಿನ ದಿನಗಳ ನಿದ್ದೆ ಬಾಕಿ ಇರುವುದು. ಗಾಢ ನಿದ್ದೆಯ ನಡುವೆ ಅಲಾರಂ ಹೊಡೆಯುವುದು. ಮತ್ತೊಂದು, ದೇಹದ ಲೆಕ್ಕದಲ್ಲಿ ಇನ್ನೂ ರಾತ್ರಿ ಇರುವಾಗಲೇ ಏಳುವುದು. ಬೆಳಕು ಚೆನ್ನಾಗಿ ಸಹಾಯ ಮಾಡುವುದು ಈ ಮೂರನೆಯದಕ್ಕೆ. ಮೊದಲನೆಯದಕ್ಕೆ ನಿದ್ದೆ ಬಿಟ್ಟರೆ ಬೇರೆ ಮದ್ದಿಲ್ಲ. ಐದು ಗಂಟೆ ಮಲಗಿ ಯಾವ ಲ್ಯಾಂಪ್ ಒಳ್ಳೆಯದು ಅಂತ ಕೇಳುವವರಿಗೆ ನನ್ನ ಉತ್ತರ ಒಂದೇ: ಲ್ಯಾಂಪಿನ ದುಡ್ಡು ಉಳಿಸಿ, ಬೇಗ ಮಲಗಿ.

ಬೆಳಕು ಬಿದ್ರೆ ಎಚ್ಚರ ಆಗೋದು ಹೇಗೆ? ಕಣ್ಣು ಮುಚ್ಚಿರುತ್ತಲ್ಲ?

ರೆಪ್ಪೆ ಪೂರ್ತಿ ಪರದೆಯಲ್ಲ. ಬಿದ್ದ ಬೆಳಕಿನ ಸ್ವಲ್ಪ ಭಾಗ, ಅದರಲ್ಲೂ ಕೆಂಪು, ಒಳಗೆ ಬರುತ್ತದೆ. ಬಿಸಿಲಿಗೆ ಮುಖ ಮಾಡಿ ಕಣ್ಣು ಮುಚ್ಚಿದರೆ ಕೆಂಪಾಗಿ ಕಾಣುವುದು ಅದಕ್ಕೇ. ಹಗುರ ನಿದ್ದೆಯಲ್ಲಿರುವವರನ್ನು ಎಬ್ಬಿಸಲು ಅಷ್ಟು ಸಾಕಾಗಬಹುದು.

ನಿಜವಾದ ಕೆಲಸ ಶುರುವಾಗುವುದು ಕಣ್ಣು ಬಿಟ್ಟ ಮೇಲೆ. ಕಣ್ಣಿನ ಹಿಂಪರದೆಯಲ್ಲಿ, ಚಿತ್ರ ನೋಡುವ ಜೀವಕೋಶಗಳ ಜೊತೆ, ಸುಮ್ನೆ ಎಷ್ಟು ಬೆಳಕಿದೆ ಅಂತ ಅಳೆಯುವ ಕೆಲವು ಜೀವಕೋಶಗಳೂ ಇವೆ. ಅವುಗಳಲ್ಲಿ ಮೆಲನಾಪ್ಸಿನ್ ಎಂಬ ಬಣ್ಣದ ವಸ್ತು ಇರುತ್ತದೆ. ಆಕಾಶದ ನೀಲಿಗೆ, ಅಂದರೆ ಸುಮಾರು 480 ನ್ಯಾನೋಮೀಟರ್ ಬೆಳಕಿಗೆ, ಅದು ಹೆಚ್ಚು ಸ್ಪಂದಿಸುತ್ತದೆ. ಆ ಸುದ್ದಿ ನೇರವಾಗಿ, ದೇಹಕ್ಕೆ ಹೊತ್ತು ತಿಳಿಸುವ ಮಿದುಳಿನ ಗಡಿಯಾರಕ್ಕೆ ಹೋಗುತ್ತದೆ.

ಇಲ್ಲಿ ಬೆಳಕು ಎರಡು ಕೆಲಸ ಮಾಡುತ್ತದೆ. ಒಂದು, ಈಗಲೇ ಎಚ್ಚರ ಹೆಚ್ಚಿಸುತ್ತದೆ, ರಾತ್ರಿಯ ಹಾರ್ಮೋನ್ ಮೆಲಟೋನಿನ್ ಇನ್ನೂ ಉಳಿದಿದ್ದರೆ ಅದನ್ನು ತಗ್ಗಿಸುತ್ತದೆ. ಇನ್ನೊಂದು, ನಾಳೆ ಯಾವಾಗ ಎಚ್ಚರವಾಗಬೇಕು ಅನ್ನುವುದನ್ನು ಸ್ವಲ್ಪ ಸರಿಸುತ್ತದೆ. ಮೊದಲನೆಯದು ನಿಮಿಷಗಳ ಕೆಲಸ, ಎರಡನೆಯದು ವಾರಗಳ ಕೆಲಸ. ಒಂದು ದಿನ ಬಾಲ್ಕನಿಯಲ್ಲಿ ನಿಂತು "ಏನೂ ಆಗಲಿಲ್ಲ" ಅನ್ನುವವರು ಈ ಎರಡನೆಯದಕ್ಕೆ ಸಮಯ ಕೊಟ್ಟಿರುವುದಿಲ್ಲ.

ಎದ್ದ ತಕ್ಷಣ ಟ್ಯೂಬ್‌ಲೈಟ್ ಹಾಕ್ತೀನಿ. ಸಾಲದಾ?

ಕತ್ತಲಿಗಿಂತ ಖಂಡಿತ ಮೇಲು. ಆದರೆ ಹೊರಗಿನ ಬೆಳಕಿನ ಮುಂದೆ ಅದು ಏನೇನೂ ಅಲ್ಲ. ಕಣ್ಣು ಬೇಗ ಹೊಂದಿಕೊಳ್ಳುವುದರಿಂದ ನಮಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಬೆಳಕನ್ನು ಲಕ್ಸ್‌ನಲ್ಲಿ ಅಳೆಯುತ್ತಾರೆ. ಹುಣ್ಣಿಮೆಯ ಬೆಳದಿಂಗಳು ಒಂದು ಲಕ್ಸ್ ಕೂಡ ಇಲ್ಲ. ಟ್ಯೂಬ್‌ಲೈಟ್ ಹಾಕಿದ ಕೋಣೆಯಲ್ಲಿ ಕಣ್ಣಿನ ಮಟ್ಟಕ್ಕೆ ಬೀಳುವುದು ನೂರಿನ್ನೂರು. ಆಫೀಸಿನ ಮೇಜಿನ ಮೇಲೆ 300ರಿಂದ 500. ದಟ್ಟ ಮೋಡ ಇದ್ದರೂ ಹಗಲಿನಲ್ಲಿ ಬಯಲಲ್ಲಿ ಸಾವಿರದಿಂದ ಹತ್ತು ಸಾವಿರ. ನೆತ್ತಿಯ ಬಿಸಿಲು ಒಂದು ಲಕ್ಷದ ಹತ್ತಿರ.

ಹಾಗಾಗಿ ಲೈಟು ಹಾಕುವುದು ಸರಿ, ಆದರೆ ಅಲ್ಲಿಗೆ ನಿಲ್ಲಿಸಬೇಡಿ. ಹೊಸ್ತಿಲು ದಾಟಿ ಹೊರಗೆ ಬನ್ನಿ.

ಎದ್ದ ಕೂಡ್ಲೇ ಮೊಬೈಲ್ ನೋಡ್ತೀನಿ. ಅದೂ ಬೆಳಕೇ ಅಲ್ವಾ?

ಅದರಿಂದ ಕಣ್ಣಿಗೆ ಬರುವುದು ಕೆಲವು ಹತ್ತು ಲಕ್ಸ್. ಮೇಲಾಗಿ ಅದು ನಿಮ್ಮನ್ನು ಹಾಸಿಗೆಯಲ್ಲೇ ಹಿಡಿದಿಡುತ್ತದೆ. ಮೊಬೈಲ್ ನೋಡಲೇಬೇಕಿದ್ದರೆ ಬಾಲ್ಕನಿಗೋ ಟೆರೇಸಿಗೋ ಹೋಗಿ ನೋಡಿ. ನಾನು ತಮಾಷೆಗೆ ಹೇಳುತ್ತಿಲ್ಲ.

ಎಷ್ಟು ಹೊತ್ತು ಹೊರಗಿರಬೇಕು? ಸೂರ್ಯನನ್ನೇ ನೋಡಬೇಕಾ?

ಸೂರ್ಯನನ್ನು ನೇರವಾಗಿ ದಿಟ್ಟಿಸಬೇಡಿ. ಉದಯದ ಕೆಂಪು ಸೂರ್ಯ ತಂಪಾಗಿ ಕಾಣುತ್ತಾನೆ, ಆದರೆ ಅವನನ್ನು ದಿಟ್ಟಿಸಿ ನೋಡುವ ಅಭ್ಯಾಸದಿಂದ ಹಿಂಪರದೆ ಸುಟ್ಟುಕೊಂಡವರಿದ್ದಾರೆ. ಆ ಹಾನಿ ಕೆಲವೊಮ್ಮೆ ಸರಿಹೋಗುವುದೇ ಇಲ್ಲ. ಸೂರ್ಯ ಕಾಣಬೇಕಾಗಿಯೂ ಇಲ್ಲ. ಮೇಲೆ ಆಕಾಶ ತೆರೆದಿದ್ದರೆ ಸಾಕು, ನೆರಳಲ್ಲಿ ನಿಂತರೂ ನಡೆಯುತ್ತದೆ.

ಹೊತ್ತಿನ ಲೆಕ್ಕ ಆಕಾಶ ನೋಡಿ ಮಾಡಿಕೊಳ್ಳಿ. ತಿಳಿ ಬೆಳಗಾದರೆ ಹತ್ತು ಹದಿನೈದು ನಿಮಿಷ, ಮೋಡವಿದ್ದರೆ ಅರ್ಧ ಗಂಟೆ. ತಂಪು ಕನ್ನಡಕ ಬೇಡ, ನಂಬರಿನ ಕನ್ನಡಕ ಇರಲಿ. ಎದ್ದು ಒಂದು ಗಂಟೆಯೊಳಗೆ ಹೊರಗೆ ಬಂದರೆ ಒಳ್ಳೆಯದು.

ನಮ್ಮ ಕಡೆ ಎದ್ದ ಕೂಡಲೇ ಅಂಗಳ ಗುಡಿಸಿ, ನೀರು ಹಾಕಿ, ರಂಗೋಲಿ ಬಿಡುವ ರೂಢಿಯಿದೆ. ಮಂಪರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡನ್ನು ನಾನು ಕಂಡಿಲ್ಲ. ಬೆಳಕು, ಓಡಾಟ, ತಣ್ಣೀರು ಮೂರೂ ಒಟ್ಟಿಗೆ ಸಿಗುತ್ತವೆ. ಆದರೆ ಮನೆಯ ಹೆಂಗಸರಿಗೆ ಮಾತ್ರ ಇದು ಸಿಗುತ್ತಿತ್ತು, ಗಂಡಸರು ಒಳಗೆ ಕೂತು ಕಾಫಿಗೆ ಕಾಯುತ್ತಿದ್ದರು. ಇನ್ನು ಮುಂದೆ ಪೊರಕೆಯನ್ನು ಸರದಿ ಮೇಲೆ ಹಿಡಿಯಬಹುದು.

ನಮ್ಮದು ಅಪಾರ್ಟ್‌ಮೆಂಟ್. ಬಾಲ್ಕನಿ ಎದುರಿಗೆ ಪಕ್ಕದ ಬಿಲ್ಡಿಂಗ್ ಗೋಡೆ. ಏನ್ಮಾಡೋದು?

ಬಾಲ್ಕನಿಯಲ್ಲಿ ನಿಂತು ಮೇಲೆ ನೋಡಿ. ಆಕಾಶದ ತುಂಡು ಎಷ್ಟು ಕಾಣುತ್ತದೋ ಅಷ್ಟೇ ನಿಮ್ಮ ಪಾಲಿನ ಬೆಳಕು. ಬರೀ ಗೋಡೆ ಕಾಣುತ್ತಿದ್ದರೆ ಅಲ್ಲಿ ಕಾಲ ಕಳೆಯಬೇಡಿ, ಟೆರೇಸಿಗೆ ಹೋಗಿ. ಇಲ್ಲವೇ ಹಾಲು, ಸೊಪ್ಪು ತರುವ ಕೆಲಸವನ್ನು ನೀವೇ ವಹಿಸಿಕೊಳ್ಳಿ. ಮಗುವನ್ನು ಸ್ಕೂಲ್ ಬಸ್ಸಿಗೆ ಹತ್ತಿಸುವುದಕ್ಕೆ ಹತ್ತು ನಿಮಿಷ ಮೊದಲೇ ಇಳಿದು ಬಿಡಿ.

ಕಿಟಕಿ ಒಳಗಿಂದ ಆಗುತ್ತದಾ ಅಂತಲೂ ಕೇಳುತ್ತಾರೆ. ಆಗುತ್ತದೆ, ಆದರೆ ಕಿಟಕಿಗೆ ಅಂಟಿಕೊಂಡೇ ಕೂರಬೇಕು. ಎರಡು ಮೂರು ಮೀಟರ್ ಒಳಗೆ ಸರಿದರೆ ಬೆಳಕು ಕೆಲವು ನೂರು ಲಕ್ಸ್‌ಗೆ ಬಿದ್ದುಹೋಗುತ್ತದೆ. ಡೈನಿಂಗ್ ಟೇಬಲ್ ಹಾಲ್‌ನ ನಡುವೆ ಇದ್ದರೆ ತಿಂಡಿ ತಿನ್ನಲು ಒಂದು ಕುರ್ಚಿಯನ್ನು ಕಿಟಕಿ ಹತ್ತಿರ ಎಳೆದುಕೊಳ್ಳಿ. ತೊಟ್ಟಿ ಮನೆಯವರಿಗೆ ಈ ಗೋಳೇ ಇರಲಿಲ್ಲ. ಮನೆಯ ನಡುಮಧ್ಯೆಯೇ ಆಕಾಶ ಇರುತ್ತಿತ್ತು.

ಎಳೆ ಬಿಸಿಲಲ್ಲಿ ನಿಂತ್ರೆ ವಿಟಮಿನ್ ಡಿ ಕೂಡ ಸಿಗುತ್ತಲ್ಲ?

ಇದೊಂದು ಗಟ್ಟಿಯಾಗಿ ಬೇರೂರಿದ ನಂಬಿಕೆ. ವಿಟಮಿನ್ ಡಿ ತಯಾರಾಗಲು ಚರ್ಮದ ಮೇಲೆ ಅತಿನೇರಳೆ ಬಿ ಕಿರಣ ಬೀಳಬೇಕು. ಸೂರ್ಯ ಕೆಳಗಿರುವಾಗ ಅದು ಗಾಳಿಯ ದಪ್ಪ ಪದರ ದಾಟಿ ಬರುವಷ್ಟರಲ್ಲಿ ಬಹುತೇಕ ಸೋಸಿಹೋಗುತ್ತದೆ. ಅದು ಚೆನ್ನಾಗಿ ಸಿಗುವುದು ಮಧ್ಯಾಹ್ನದ ಆಸುಪಾಸು. ಎಳೆ ಬಿಸಿಲು ಕಣ್ಣಿನ ಮೂಲಕ ಎಚ್ಚರ ತರುತ್ತದೆ, ಅದರ ಕೆಲಸ ಅಷ್ಟೇ.

ಕಾಫಿ ಮೊದ್ಲೋ, ಬೆಳಕು ಮೊದ್ಲೋ?

ಲೋಟ ಹಿಡಿದುಕೊಂಡು ಹೊರಗೆ ಹೋಗಿ. ಕಾಫಿಯ ಕೆಫೀನ್ ರಕ್ತದಲ್ಲಿ ಮೇಲೇರಲು ಅರ್ಧದಿಂದ ಒಂದು ಗಂಟೆ ಬೇಕು. ಅಷ್ಟರವರೆಗೆ ಬೆಳಕು ಕೆಲಸ ನೋಡಿಕೊಳ್ಳುತ್ತದೆ. ಎದ್ದು ಒಂದೂವರೆ ಗಂಟೆ ಕಾಫಿ ಮುಟ್ಟಬಾರದು ಅಂತ ಈಚೆಗೆ ಓಡಾಡುತ್ತಿರುವ ಸಲಹೆಗೆ ಗಟ್ಟಿ ಆಧಾರವಿಲ್ಲ. ಫಿಲ್ಟರ್ ಕಾಫಿ ಪ್ರಿಯರು ನಿಶ್ಚಿಂತೆಯಿಂದಿರಿ.

## ಮನೆಯೊಳಗಿನ ಏರ್ಪಾಡು

ನಿಧಾನಕ್ಕೆ ಬೆಳಗೋ ಸನ್‌ರೈಸ್ ಅಲಾರಂ ತಗೊಳ್ಳೋದು ಉಪಯೋಗನಾ?

ಸೂರ್ಯ ಹುಟ್ಟುವ ಮುಂಚೆ ಏಳಲೇಬೇಕಾದವರಿಗೆ ಉಪಯೋಗ. ಆರೂವರೆ, ಏಳಕ್ಕೆ ಏಳುವವರಿಗೆ ಕರ್ಟನ್ ಸರಿಸಿದರೆ ಸಾಕು.

ಇದು ಅಲಾರಂ ಹೊತ್ತಿಗೆ 20–30 ನಿಮಿಷ ಮೊದಲು ಮಂದವಾಗಿ ಹೊತ್ತಿಕೊಂಡು, ಕೊನೆಗೆ ದಿಂಬಿನ ಹತ್ತಿರ ಇನ್ನೂರು ಮುನ್ನೂರು ಲಕ್ಸ್ ಕೊಡುತ್ತದೆ. ಹೀಗೆ ಎದ್ದವರಿಗೆ ಮಂಪರು ಕಡಿಮೆ ಅನ್ನಿಸುತ್ತದೆ, ಮನಸ್ಸೂ ಹಗುರ ಇರುತ್ತದೆ ಅನ್ನುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಲೆಕ್ಕ ಮಾಡಿಸಿ, ಬಟನ್ ಒತ್ತಿಸಿ ನೋಡುವ ಪರೀಕ್ಷೆಗಳಲ್ಲಿ ಲಾಭ ಅಷ್ಟು ಸ್ಪಷ್ಟವಾಗಿಲ್ಲ. ನನ್ನ ಪ್ರಕಾರ ಇದರ ದೊಡ್ಡ ಗುಣ ಬೇರೆಯೇ. ಕಿರುಚುವ ಅಲಾರಂಗೆ ಎದೆ ಧಸಕ್ಕೆಂದು ಏಳುವುದು ತಪ್ಪುತ್ತದೆ. ಜೊತೆಗೆ ಕೋಣೆ ಬೆಳಗಿರುವುದರಿಂದ ಮತ್ತೆ ಹೊದ್ದು ಮಲಗುವ ಆಸೆ ಕಡಿಮೆಯಾಗುತ್ತದೆ.

ಗಾಢ ನಿದ್ದೆಯವರನ್ನು ಇದು ಎಬ್ಬಿಸದೇ ಇರಬಹುದು. ಗೋಡೆ ಕಡೆ ತಿರುಗಿ ಮುಸುಕು ಹಾಕಿ ಮಲಗುವವರ ಮೇಲೆ ಏನೂ ನಡೆಯುವುದಿಲ್ಲ. ರೈಲು, ಪರೀಕ್ಷೆ, ಇಂಟರ್‌ವ್ಯೂ ಇದ್ದ ದಿನ ಸದ್ದು ಮಾಡುವ ಅಲಾರಂ ಕೂಡ ಇಟ್ಟುಕೊಳ್ಳಿ.

ಅಷ್ಟು ದುಡ್ಡು ಯಾಕೆ? ಸ್ಮಾರ್ಟ್ ಬಲ್ಬಲ್ಲೇ ಮಾಡ್ಕೋಬಹುದಲ್ಲ?

ಮಾಡಬಹುದು. ನಾನೂ ಅದನ್ನೇ ಹೇಳುವುದು. ಬಣ್ಣ ಬದಲಿಸುವ 9 ವ್ಯಾಟ್‌ನ ಬಲ್ಬ್ ಸುಮಾರು 800 ಲ್ಯೂಮೆನ್ (ಬಲ್ಬ್ ಒಟ್ಟು ಹೊರಬಿಡುವ ಬೆಳಕಿನ ಅಳತೆ) ಕೊಡುತ್ತದೆ, ಹಾಸಿಗೆ ಪಕ್ಕಕ್ಕೆ ಅಷ್ಟು ಸಾಕು. ಆದರೆ ನಮ್ಮ ಮನೆಗಳಲ್ಲಿ ಇದಕ್ಕೆ ಕೆಲವು ತಂಟೆಗಳಿವೆ.

ಮೊದಲನೆಯದು ಹೋಲ್ಡರ್. ಇಲ್ಲಿ ಮಾರುವ ಹೆಚ್ಚಿನ ಬಲ್ಬ್‌ಗಳು ಎರಡು ಪಿನ್ನಿನವು. ಟೇಬಲ್ ಲ್ಯಾಂಪುಗಳದ್ದು ಹಲವು ಸಲ ತಿರುಗಿಸಿ ಹಾಕುವ ಹೋಲ್ಡರ್. ನೋಡಿಕೊಂಡು ತನ್ನಿ. ಎರಡನೆಯದು, ಗೋಡೆಯ ಸ್ವಿಚ್ ಸದಾ ಆನ್ ಇರಬೇಕು. ಮಲಗುವ ಮುಂಚೆ ಎಲ್ಲ ಸ್ವಿಚ್ ಆಫ್ ಮಾಡಿಕೊಂಡು ಬರುವ ಅಪ್ಪ ಇರುವ ಮನೆಯಲ್ಲಿ ಇದು ನಡೆಯುವುದು ಕಷ್ಟ. ಸ್ವಿಚ್ ಮೇಲೆ ಒಂದು ಟೇಪ್ ಅಂಟಿಸಿ. ಮೂರನೆಯದು ಕರೆಂಟು. ರಾತ್ರಿ ಎರಡು ಗಂಟೆಗೆ ಹೋಗಿ ಬಂದರೆ ಹಲವು ಬಲ್ಬ್‌ಗಳು ತಾವೇ ಪೂರ್ತಿ ಬೆಳಕಿನಲ್ಲಿ ಹೊತ್ತಿಕೊಂಡು ಮನೆಮಂದಿಯನ್ನೆಲ್ಲ ಎಬ್ಬಿಸುತ್ತವೆ. ಕರೆಂಟ್ ಬಂದಾಗ ಹಿಂದಿನ ಸ್ಥಿತಿಯಲ್ಲೇ ಇರಲಿ ಅನ್ನುವ ಆಯ್ಕೆ ಆ್ಯಪ್‌ನಲ್ಲಿ ಇದೆಯಾ ನೋಡಿ, ಇದ್ದರೆ ಮೊದಲ ದಿನವೇ ಹಾಕಿಬಿಡಿ. ರಾತ್ರಿ ವೈಫೈ ರೂಟರ್ ಆರಿಸುವವರು ಬೆಳಗಿನ ಹೊತ್ತಿಗೆ ಬಲ್ಬ್ ತಾನಾಗಿ ಹೊತ್ತಿಕೊಳ್ಳುತ್ತದಾ ಅಂತ ಒಮ್ಮೆ ಪರೀಕ್ಷಿಸಿ.

ಸಮಯ ಹೀಗೆ ಇಡಿ: 5:30ಕ್ಕೆ ಏಳುವುದಾದರೆ 5:00ಕ್ಕೆ ಕೆಂಪು ಮಿಶ್ರಿತ ಹಳದಿಯಲ್ಲಿ ಶುರು, 5:30ಕ್ಕೆ ಬಿಳಿ. ಬಲ್ಬ್ ನೇರವಾಗಿ ಕಣ್ಣಿಗೆ ಹೊಡೆಯಬಾರದು. ತಲೆದೆಸೆಯ ಪಕ್ಕದ ಬಿಳಿ ಗೋಡೆಗೆ ತಿರುಗಿಸಿದರೆ ಬೆಳಕು ಹರಡುತ್ತದೆ. ಎದ್ದ ಮೇಲೆ ಅದನ್ನೇ ನಂಬಿ ಕೂರದೆ ಕೋಣೆಯ ದೊಡ್ಡ ಲೈಟ್ ಹಾಕಿ.

ಕರ್ಟನ್ ತೆಗೆದಿಟ್ಟೇ ಮಲಗಿದ್ರೆ?

ಹಳ್ಳಿಯಲ್ಲಿ, ಹೊರಗೆ ಕತ್ತಲಿರುವ ಕಡೆ, ಇದಕ್ಕಿಂತ ಸುಲಭದ ಉಪಾಯವಿಲ್ಲ. ಪೇಟೆಯಲ್ಲಿ ಬೀದಿದೀಪದ ಬಿಳಿ ಎಲ್‌ಇಡಿ ರಾತ್ರಿಯಿಡೀ ಮುಖದ ಮೇಲೆ ಬೀಳುತ್ತದೆ. ಅದು ನಿದ್ದೆಯನ್ನು ತೆಳು ಮಾಡುತ್ತದೆ, ಬೆಳಗಿನ ಲಾಭಕ್ಕಿಂತ ರಾತ್ರಿಯ ನಷ್ಟವೇ ಜಾಸ್ತಿ. ಎರಡು ಕಿಟಕಿ ಇದ್ದರೆ ಬೀದಿ ಕಡೆಯದನ್ನು ಮುಚ್ಚಿ, ಪೂರ್ವದ ಕಡೆಯದನ್ನು ಬಿಡಿ. ಒಂದೇ ಕಿಟಕಿ ಇದ್ದರೆ ಮುಚ್ಚಿ ಮಲಗಿ, ಮೊದಲು ಎದ್ದವರು ತೆರೆಯಲಿ. ಜೀರೋ ಬಲ್ಬ್ ಬೇಕೇ ಬೇಕು ಅನ್ನುವವರು ಅದನ್ನು ಮಂಚದ ಮಟ್ಟಕ್ಕಿಂತ ಕೆಳಗೆ, ಮುಖಕ್ಕೆ ಬೀಳದ ಹಾಗೆ ಹಾಕಿ.

ನಾನು ಐದಕ್ಕೆ ಏಳ್ಬೇಕು, ನಮ್ಮನೆಯವರು ಏಳರವರೆಗೆ ಮಲಗ್ತಾರೆ. ಲೈಟ್ ಹಾಕಿದ್ರೆ ಜಗಳ.

ಹಾಸಿಗೆ ಪಕ್ಕದ ಲೈಟಿನ ಆಸೆ ಬಿಡಿ. ತಲೆದಿಂಬಿನ ಕೆಳಗೆ ಅದುರುವ ಅಲಾರಂ ಅಥವಾ ಕೈಗಡಿಯಾರದ ಅದುರು ಇಟ್ಟುಕೊಂಡು ಎದ್ದು, ಅಡುಗೆಮನೆಗೆ ಬಂದು ಅಲ್ಲಿ ಜೋರು ಬೆಳಕು ಹಾಕಿಕೊಳ್ಳಿ. ಎರಡು ಬಿಳಿ ಟ್ಯೂಬ್ ಇದ್ದರೆ ಎರಡನ್ನೂ ಹಾಕಿ. ಎಚ್ಚರಕ್ಕೆ ಬೇಕಾದ್ದು ಎದ್ದ ಮೇಲಿನ ಬೆಳಕು. ಮಲಗಿರುವಾಗ ಬೀಳುವುದು ಸಿಕ್ಕರೆ ಸಿಕ್ಕಿತು.

ಬೆಳಿಗ್ಗೆ ಬಿಸಿಲಲ್ಲಿ ವಾಕ್ ಮಾಡ್ತೀನಿ. ಆದ್ರೂ ರಾತ್ರಿ ಹನ್ನೆರಡಾದ್ರೂ ನಿದ್ದೆ ಬರಲ್ಲ.

ನಿಮ್ಮ ಮನೆಯ ರಾತ್ರಿಯನ್ನು ನೋಡಬೇಕು. ಬೆಳಗಿನ ಬೆಳಕು ಗಡಿಯಾರವನ್ನು ಮುಂಚಿತ ಮಾಡುತ್ತದೆ, ರಾತ್ರಿಯ ಬೆಳಕು ತಡ ಮಾಡುತ್ತದೆ. ಹನ್ನೊಂದರವರೆಗೆ ಹಾಲ್‌ನಲ್ಲಿ ಬಿಳಿ ಬೆಳಕು ತುಂಬಿದ್ದರೆ ಬೆಳಿಗ್ಗೆ ಗಳಿಸಿದ್ದನ್ನು ರಾತ್ರಿ ಕಳೆದುಕೊಂಡ ಲೆಕ್ಕ. ಊಟ ಆದ ಮೇಲೆ ಛಾವಣಿಯ ಲೈಟ್ ಆರಿಸಿ, ಮೂಲೆಯಲ್ಲೊಂದು ಹಳದಿ ಬಲ್ಬ್ ಸಾಕು. ಟೀವಿಗಿಂತ ತಲೆ ಮೇಲಿನ ಟ್ಯೂಬ್‌ಲೈಟೇ ಹೆಚ್ಚು ಕೆಡಿಸುತ್ತದೆ. ಎಲ್ಲರೂ ಬೈಯುವುದು ಮಾತ್ರ ಟೀವಿಯನ್ನೇ. ಹಗಲಿಡೀ ಚೆನ್ನಾಗಿ ಬೆಳಕಲ್ಲಿದ್ದವರಿಗೆ ರಾತ್ರಿಯ ಲೈಟಿನ ಕಾಟ ಕಡಿಮೆ ಅನ್ನುವುದೂ ನಿಜ.

## ನಮ್ಮ ಊರು, ನಮ್ಮ ಕಾಲ

ಡಿಸೆಂಬರ್ ಮುಗಿದ ಮೇಲೆ ಏಳೋದು ಸುಲಭ ಆಗ್ಬೇಕಲ್ವಾ? ನನಗೆ ಜನವರಿಯಲ್ಲೇ ಕಷ್ಟ.

ನೀವು ಸರಿಯಾಗಿಯೇ ಗಮನಿಸಿದ್ದೀರಿ. ಅತಿ ಚಿಕ್ಕ ಹಗಲು ಡಿಸೆಂಬರ್ 21ರ ಆಸುಪಾಸು. ಆದರೆ ಬೆಂಗಳೂರಿನಲ್ಲಿ ಸೂರ್ಯ ಅತಿ ತಡವಾಗಿ ಹುಟ್ಟುವುದು ಜನವರಿ ಕೊನೆಯ ವಾರದಲ್ಲಿ, ಸುಮಾರು 6:46ಕ್ಕೆ. ಡಿಸೆಂಬರ್ 21ಕ್ಕಿಂತ ಹತ್ತು ನಿಮಿಷದಷ್ಟು ತಡ. ಭೂಮಿ ಸುತ್ತುವ ದಾರಿ ಪೂರ್ತಿ ದುಂಡಗಿಲ್ಲ, ಅದರ ಅಕ್ಷವೂ ಓರೆ. ಹಾಗಾಗಿ ಈ ತಿಂಗಳುಗಳಲ್ಲಿ ಸೂರ್ಯ ನೆತ್ತಿಗೆ ಬರುವ ಹೊತ್ತೇ ದಿನದಿಂದ ದಿನಕ್ಕೆ ತಡವಾಗುತ್ತದೆ. ಸಂಕ್ರಾಂತಿ ಕಳೆದರೂ ಬೆಳಗು ಇನ್ನೂ ತಡವಾಗುತ್ತಲೇ ಇರುತ್ತದೆ, ಬೆಳೆಯುವುದು ಸಂಜೆ ಮಾತ್ರ.

ಇದರ ಮೇಲೆ ಇನ್ನೊಂದು ಲೆಕ್ಕವಿದೆ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಪ್ರಕಾರ. ಬೆಂಗಳೂರು ಇರುವುದು ಸುಮಾರು 77.6ರಲ್ಲಿ, ಮಂಗಳೂರು 74.9ರಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷ. ಬೆಂಗಳೂರಿನ ಸೂರ್ಯ ಗಡಿಯಾರಕ್ಕಿಂತ 20 ನಿಮಿಷ ಹಿಂದೆ, ಮಂಗಳೂರಿನವನು ಅರ್ಧ ಗಂಟೆ ಹಿಂದೆ. ಜನವರಿಯಲ್ಲಿ ಮಂಗಳೂರಿನ ಮಕ್ಕಳು ಏಳು ಗಂಟೆಯ ಬಸ್ಸಿಗೆ ನಿಂತಾಗ ಸೂರ್ಯ ಆಗಷ್ಟೇ ಹುಟ್ಟಿರುತ್ತಾನೆ.

ಬ್ರಾಹ್ಮೀ ಮುಹೂರ್ತದಲ್ಲಿ ಏಳ್ಬೇಕು ಅಂತಾರೆ. ಆಗ ಬೆಳಕೇ ಇರಲ್ವಲ್ಲ?

ಇರುವುದಿಲ್ಲ. ಬ್ರಾಹ್ಮೀ ಮುಹೂರ್ತ ಸೂರ್ಯೋದಯಕ್ಕೆ 96 ನಿಮಿಷ ಮುಂಚೆ ಶುರುವಾಗಿ 48 ನಿಮಿಷ ಮುಂಚೆ ಮುಗಿಯುತ್ತದೆ. ಕಣ್ಣಿಗೆ ದಾರಿ ಕಾಣುವಷ್ಟು ಬೆಳಗಾಗುವುದು ನಮ್ಮಲ್ಲಿ ಸೂರ್ಯೋದಯಕ್ಕೆ 20–25 ನಿಮಿಷ ಮುಂಚೆ. ಅಂದರೆ ಆ ಮುಹೂರ್ತ ಪೂರ್ತಿ ಕತ್ತಲಲ್ಲೇ ಕಳೆಯುತ್ತದೆ. ಧನುರ್ಮಾಸದ ಪೂಜೆಗೆ ಏಳುವವರಿಗೆ ಇದು ಚೆನ್ನಾಗಿ ಗೊತ್ತು.

ಹಾಗೆ ಎದ್ದು ಲವಲವಿಕೆಯಿಂದ ಇರುತ್ತಿದ್ದವರು ರಾತ್ರಿ ಎಂಟೂವರೆ ಒಂಬತ್ತಕ್ಕೆ ಮಲಗುತ್ತಿದ್ದರು, ಮನೆಯಲ್ಲಿ ಜೋರು ಬೆಳಕೂ ಇರುತ್ತಿರಲಿಲ್ಲ. ಇದನ್ನು ಬಿಟ್ಟು ಬರೀ ಏಳುವ ಸಮಯವನ್ನಷ್ಟೇ ಎತ್ತಿಕೊಂಡರೆ ಸಿಗುವುದು ಮಂಪರು. ಏಳಲೇಬೇಕು ಅನ್ನುವವರಿಗೆ ನಿಧಾನಕ್ಕೆ ಬೆಳಗುವ ಬಲ್ಬ್ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಪೂಜೆಯೋ ಓದೋ ಮುಗಿದ ಮೇಲೆ, ಬೆಳಗಾಗುತ್ತಿದ್ದ ಹಾಗೆ, ಒಂದು ಸಲ ಹೊರಗೆ ಹೋಗಿ ಬನ್ನಿ.

ನಮ್ಮದು ತೀರ್ಥಹಳ್ಳಿ ಕಡೆ. ಜುಲೈನಲ್ಲಿ ಸೂರ್ಯ ಮುಖ ತೋರಿಸೋದೇ ಇಲ್ಲ. ಆಗ?

ಮೋಡದ ಆಕಾಶವೂ ಮನೆಯ ಲೈಟಿಗಿಂತ ಎಷ್ಟೋ ಪಾಲು ಮೇಲು. ಮಲೆನಾಡಿನ ತೊಂದರೆ ಬರೀ ಮೋಡದ್ದಲ್ಲ. ಇಳಿಬಿಟ್ಟ ಹಂಚಿನ ಮಾಡು, ಮನೆಗೆ ಒತ್ತಿದ ತೋಟ, ಮಳೆಯ ಎರಚಲಿಗೆ ಕಟ್ಟಿದ ತಡಿಕೆ, ಎಲ್ಲ ಸೇರಿ ಒಳಗೆ ಹಗಲಲ್ಲೂ ಮಬ್ಬು. ಜಗಲಿಯ ಅಂಚಿಗೆ ಕುರ್ಚಿ ಹಾಕಿ, ಹೊರಗೆ ಮುಖ ಮಾಡಿ, ಅರ್ಧ ಗಂಟೆ ಕೂರಿ. ಮಳೆ ಬಿಟ್ಟಾಗ ಅಂಗಳಕ್ಕೆ ಇಳಿಯಿರಿ. ಒಳಗೆ ಒಂದು ಹಳದಿ ಬಲ್ಬಲ್ಲೇ ಕಾಲ ಹಾಕುತ್ತಿದ್ದರೆ ಬೆಳಗಿನ ಹೊತ್ತಿಗಾದರೂ ಅದನ್ನು ಜೋರು ಬಿಳಿ ಲೈಟಿಗೆ ಬದಲಿಸಿ.

ನಸುಕಿನ್ಯಾಗ ಎದ್ದು ಹೊಲಕ್ಕ ಹೋಗೋರಿಗೆ ಇದೆಲ್ಲಾ ಬೇಕೇನ್ರಿ?

ಬೇಕಿಲ್ರಿ. ಬೆಳಿಗ್ಗೆಯಿಂದ ಸಂಜೆವರೆಗೆ ಬಯಲಲ್ಲಿ ಇರುವವರಿಗೆ ಬೆಳಕಿನ ಕೊರತೆಯೇ ಇಲ್ಲ. ಅವರ ನಿದ್ದೆ ಕೆಡುವುದು ಬೇರೆ ಕಾರಣಕ್ಕೆ. ತ್ರೀ ಫೇಸ್ ಕರೆಂಟ್ ರಾತ್ರಿ ಬಂದರೆ ಪಂಪ್‌ಸೆಟ್ ಹಾಕಲು ರಾತ್ರಿಯೇ ಹೊಲಕ್ಕೆ ಹೋಗಬೇಕಲ್ಲ? ಅಂಥ ದಿನ ಮಧ್ಯಾಹ್ನ ಒಂದು ನಿದ್ದೆ ತೆಗೆಯುವುದೇ ದಾರಿ.

ನಾವು ಸ್ವೀಡನ್‌ನಲ್ಲಿದ್ದೀವಿ. ಇಲ್ಲಿ ಬೆಳಗಾಗೋದೇ ಒಂಬತ್ತಕ್ಕೆ. ಊರಿನ ಸಲಹೆ ನಡೆಯುತ್ತಾ?

ನಡೆಯುವುದಿಲ್ಲ. ಡಿಸೆಂಬರ್ ಕೊನೆಗೆ ಸ್ಟಾಕ್‌ಹೋಮ್‌ನಲ್ಲಿ ಸೂರ್ಯ ಹುಟ್ಟುವುದು 8:45ರ ಹೊತ್ತಿಗೆ, ಲಂಡನ್‌ನಲ್ಲೂ ಎಂಟು ದಾಟಿದ ಮೇಲೆ. ಅಷ್ಟರಲ್ಲಿ ನೀವು ಆಫೀಸಿನೊಳಗೆ ಇರುತ್ತೀರಿ, ಹೊರಗೆ ಬರುವಾಗ ಮತ್ತೆ ಕತ್ತಲೆ. ಲ್ಯಾಂಪಿಗೆ ದುಡ್ಡು ಹಾಕುವುದಕ್ಕೆ ಅರ್ಥವಿರುವುದು ಇಂಥ ಕಡೆಯೇ. ಬೆಳಿಗ್ಗೆ ಲ್ಯಾಂಪ್, ಮಧ್ಯಾಹ್ನ ಊಟದ ಬಿಡುವಿನಲ್ಲಿ ಹೊರಗೊಂದು ಸುತ್ತು. ಚಳಿಗಾಲ ಪೂರ್ತಿ ಮನಸ್ಸು ಕುಗ್ಗಿ, ನಿದ್ದೆ ಮತ್ತು ಹಸಿವು ಜಾಸ್ತಿಯಾಗುವ ತೊಂದರೆಯನ್ನು 1984ರಲ್ಲಿ ಅಮೆರಿಕದ ಮನೋವೈದ್ಯ ನಾರ್ಮನ್ ರೋಸೆಂಥಾಲ್ ಮತ್ತು ಅವರ ಜೊತೆಗಾರರು ವಿವರಿಸಿದರು. ಬೆಳಕನ್ನೇ ಚಿಕಿತ್ಸೆಯಾಗಿಯೂ ಪರೀಕ್ಷಿಸಿದರು. ಊರಲ್ಲಿ ಎಂದೂ ಇಲ್ಲದ ಬೇಸರ ಅಲ್ಲಿ ನವೆಂಬರ್ ಬಂದ ಕೂಡಲೇ ಹತ್ತಿಕೊಂಡರೆ ಅಲ್ಲಿನ ಡಾಕ್ಟರಿಗೆ ಹೇಳಿ, ಅವರಿಗೆ ಇದು ಹೊಸದಲ್ಲ.

## ಸ್ವಲ್ಪ ಆಳದ ಪ್ರಶ್ನೆಗಳು

ಬೆಳಕು ಕಾಣದಿದ್ರೂ ದೇಹಕ್ಕೆ ಹೊತ್ತು ಗೊತ್ತಾಗೋದು ಹೇಗೆ?

1729ರಲ್ಲಿ ಫ್ರಾನ್ಸಿನ ಖಗೋಳ ವಿಜ್ಞಾನಿ ದ ಮೇರಾನ್ ಮುಟ್ಟಿದರೆ ಮುನಿ ಗಿಡವನ್ನು ಕತ್ತಲಲ್ಲಿ ಇಡಿಸಿದ. ಬಿಸಿಲು ಕಾಣದಿದ್ದರೂ ಅದರ ಎಲೆಗಳು ಹಗಲಿನ ಹೊತ್ತಿಗೆ ಬಿಚ್ಚಿ, ರಾತ್ರಿ ಹೊತ್ತಿಗೆ ಮುಚ್ಚಿಕೊಂಡವು. ಗಡಿಯಾರ ಗಿಡದ ಒಳಗೇ ಇತ್ತು. ನಮ್ಮದು ಮಿದುಳಿನ ಬುಡದಲ್ಲಿ, ಎರಡು ಕಣ್ಣಿನ ನರಗಳು ಸೇರುವ ಜಾಗದ ಮೇಲೆ ಇದೆ. ಸುಮಾರು 20,000 ನರಕೋಶಗಳ ಪುಟ್ಟ ಗುಂಪು. ಜೀವಕೋಶದೊಳಗೆ ಈ ಗಡಿಯಾರ ನಡೆಯುವ ಬಗೆಯನ್ನು ಹಣ್ಣಿನ ನೊಣದಲ್ಲಿ ಬಿಡಿಸಿ ತೋರಿಸಿದ ಹಾಲ್, ರಾಸ್ಬಾಶ್ ಮತ್ತು ಯಂಗ್ ಅವರಿಗೆ 2017ರ ವೈದ್ಯಕೀಯ ನೊಬೆಲ್ ಬಂತು.

ಮನುಷ್ಯರ ಈ ಗಡಿಯಾರ ಸರಾಸರಿ 24 ಗಂಟೆ 10 ನಿಮಿಷದ ಸುತ್ತಿನದು. ದಿನಕ್ಕೆ ಹತ್ತು ನಿಮಿಷ ಹಿಂದೆ ಬೀಳುವ ಹಳೇ ಗೋಡೆ ಗಡಿಯಾರದಂತೆ ಇದಕ್ಕೂ ದಿನಾ ಬೆಳಿಗ್ಗೆ ಮುಳ್ಳು ತಿರುಗಿಸಬೇಕು. ಆ ಕೆಲಸ ಮಾಡುವುದೇ ಬೆಳಕು.

ಮಗ ಸೆಕೆಂಡ್ ಪಿಯುಸಿ. ಐದೂವರೆಗೆ ಎಬ್ಬಿಸಿ ಎಲ್ಲಾ ಲೈಟ್ ಹಾಕ್ತೀವಿ, ಆದ್ರೂ ಇನ್ನಷ್ಟು ತಡವಾಗೇ ಮಲಗ್ತಾನೆ. ಯಾಕೆ?

ಬೆಳಕು ಬಿದ್ದ ಹೊತ್ತು ತಪ್ಪಿರಬಹುದು. ದೇಹದ ಶಾಖ ರಾತ್ರಿ ಒಂದು ಹೊತ್ತಿಗೆ ಅತಿ ಕೆಳಗೆ ಇಳಿಯುತ್ತದೆ. ಅದು ಸಾಮಾನ್ಯವಾಗಿ, ನಾವು ತಾನಾಗಿ ಏಳುವ ಸಮಯಕ್ಕೆ ಎರಡು ಮೂರು ಗಂಟೆ ಮುಂಚೆ. ಈ ಹೊತ್ತಿನ ನಂತರ ಬಿದ್ದ ಬೆಳಕು ಗಡಿಯಾರವನ್ನು ಮುಂಚಿತ ಮಾಡುತ್ತದೆ. ಅದಕ್ಕಿಂತ ಮುಂಚೆ ಬಿದ್ದರೆ ಪರಿಣಾಮ ಉಲ್ಟಾ, ಗಡಿಯಾರ ಇನ್ನೂ ತಡವಾಗುತ್ತದೆ.

ದಸರಾ ರಜೆಯಲ್ಲಿ ರಾತ್ರಿ ಎರಡಕ್ಕೆ ಮಲಗಿ ಬೆಳಿಗ್ಗೆ ಹತ್ತಕ್ಕೆ ಏಳುತ್ತಿದ್ದ ಹುಡುಗನಿಗೆ ಆ ಕೆಳಗಿನ ಹೊತ್ತು ಏಳೆಂಟು ಗಂಟೆಗೆ ಇರುತ್ತದೆ. ಐದೂವರೆಗೆ ಎಬ್ಬಿಸಿ ಜೋರು ಬೆಳಕು ಹಾಕಿದರೆ ಅವನ ದೇಹ ಅದನ್ನು ಸಂಜೆಯ ಮುಂದುವರಿಕೆ ಅಂದುಕೊಳ್ಳುತ್ತದೆ. ಮೊದಲು ಎಂಟೂವರೆಗೆ ಎಬ್ಬಿಸಿ, ಕೂಡಲೇ ಹೊರಗೆ ಕಳಿಸಿ. ಎರಡು ಮೂರು ದಿನಕ್ಕೊಮ್ಮೆ ಅರ್ಧರ್ಧ ಗಂಟೆ ಹಿಂದಕ್ಕೆ ತನ್ನಿ. ಕಾಲೇಜು ಶುರುವಾಗುವ ಹಿಂದಿನ ರಾತ್ರಿ ಅಲ್ಲ, ಎರಡು ವಾರ ಮೊದಲೇ ಶುರು ಮಾಡಬೇಕು.

ಇನ್ನೊಂದು ಮಾತು. ಹರೆಯದಲ್ಲಿ ಗಡಿಯಾರ ತಾನಾಗಿಯೇ ತಡಕ್ಕೆ ಜಾರುತ್ತದೆ, ಇಪ್ಪತ್ತು ದಾಟಿದ ಮೇಲೆ ನಿಧಾನಕ್ಕೆ ಮರಳುತ್ತದೆ. ಆರು ಗಂಟೆಯ ಟ್ಯೂಷನ್ನಿನಲ್ಲಿ ತೂಕಡಿಸುವ ಹುಡುಗರನ್ನು ಸೋಮಾರಿಗಳು ಅನ್ನುವ ಮುಂಚೆ ಆ ಟ್ಯೂಷನ್ ಹೊತ್ತನ್ನೂ ಸ್ವಲ್ಪ ಪ್ರಶ್ನಿಸಬೇಕು. ಭಾನುವಾರ ಅವನು ಒಂದು ಗಂಟೆ ಹೆಚ್ಚು ಮಲಗಿದರೆ ಬಿಡಿ. ನಾಲ್ಕು ಗಂಟೆ ಹೆಚ್ಚು ಮಲಗಿದರೆ ಸೋಮವಾರ ಮತ್ತೆ ಮೊದಲಿಂದ.

ನೈಟ್ ಶಿಫ್ಟ್. ಏಳಕ್ಕೆ ಕ್ಯಾಬ್ ಇಳಿದು ಮಲಗಿದ್ರೆ ನಿದ್ದೆ ಬರಲ್ಲ. ನಾನೇನು ಮಾಡ್ಲಿ?

ನಿಮಗೆ ಎಲ್ಲವೂ ತಿರುಗುಮುರುಗು. ಶಿಫ್ಟಿನ ಮೊದಲ ಅರ್ಧದಲ್ಲಿ ಜೋರು ಬೆಳಕಿನಲ್ಲಿರಿ. ಮನೆಗೆ ಬರುವಾಗ ಕ್ಯಾಬ್‌ನಲ್ಲಿ ಕಪ್ಪು ಕನ್ನಡಕ ಹಾಕಿ. ಕೋಣೆಗೆ ದಪ್ಪ ಕರ್ಟನ್. ಸ್ವಂತ ಗಾಡಿ ಓಡಿಸಿಕೊಂಡು ಬರುವವರು ಕನ್ನಡಕದ ಉಪಾಯ ಮಾಡಬೇಡಿ, ನಿದ್ದೆಗಣ್ಣಿನಲ್ಲಿ ಹೊರ ವರ್ತುಲ ರಸ್ತೆಯಲ್ಲಿ ಎಚ್ಚರವೇ ಮುಖ್ಯ. ಮಧ್ಯಾಹ್ನ ಎದ್ದ ಮೇಲೆ ಹೊರಗಿನ ಬೆಳಕಿಗೆ ಬನ್ನಿ. ವಾರ ವಾರ ಶಿಫ್ಟ್ ಬದಲಾಗುವವರಿಗೆ ದೇಹವನ್ನು ಪೂರ್ತಿ ತಿರುಗಿಸುವ ಪ್ರಯತ್ನವೇ ಬೇಡ. ನಿದ್ದೆಯ ಕೋಣೆ ಕತ್ತಲಾಗಿದ್ದರೆ ಅಷ್ಟೇ ಸಾಕು.

ನಮ್ಮ ತಂದೆ ಸಂಜೆ ಏಳಕ್ಕೇ ತೂಕಡಿಸ್ತಾರೆ, ಬೆಳಿಗ್ಗೆ ಮೂರಕ್ಕೇ ಎದ್ದು ಕೂರ್ತಾರೆ. ಅವರಿಗೂ ಬೆಳಗಿನ ಬೆಳಕೇನಾ?

ಬೇಡ, ಅವರಿಗೆ ಸಂಜೆಯ ಬೆಳಕು. ವಯಸ್ಸಾದಂತೆ ಗಡಿಯಾರ ಮುಂಚಿತವಾಗುತ್ತದೆ. ಸಂಜೆ ಐದರಿಂದ ಕತ್ತಲಾಗುವವರೆಗೆ ಹೊರಗೆ ಕೂರಿಸಿ, ಆಮೇಲೆ ಎಂಟೂವರೆ ಒಂಬತ್ತರವರೆಗೆ ಕೋಣೆಯಲ್ಲಿ ಒಳ್ಳೆ ಬೆಳಕಿರಲಿ. ನಡುರಾತ್ರಿ ಬಚ್ಚಲಿಗೆ ಹೋಗಲು ಬಿದ್ದುಬಿಡದ ಹಾಗೆ ನೆಲಮಟ್ಟದ ಹಳದಿ ದೀಪ ಸಾಕು. ಕಣ್ಣಿನ ಪೊರೆ ದಪ್ಪವಾಗಿ ಹಳದಿಗಟ್ಟಿದ್ದರೆ ನೀಲಿ ಬೆಳಕು ಒಳಗೆ ಹೋಗುವುದೇ ಕಡಿಮೆ. ಆಪರೇಷನ್ ಆದ ಮೇಲೆ ನಿದ್ದೆ ಸುಧಾರಿಸಿತು ಅಂತ ಕೆಲವರು ಹೇಳುವುದು ಇದಕ್ಕೇ ಇರಬಹುದು.

10,000 ಲಕ್ಸ್ ಥೆರಪಿ ಲ್ಯಾಂಪ್ ಯಾರು ತಗೋಬೇಕು? ಯಾರಿಗೆ ಬೇಡ?

ನಮ್ಮಲ್ಲಿ ಅಂಗಳವೋ ಟೆರೇಸೋ ಇರುವ ಬಹಳ ಜನಕ್ಕೆ ಬೇಡ. ಕತ್ತಲಲ್ಲೇ ಎದ್ದು ಕಿಟಕಿಯಿಲ್ಲದ ಕಡೆ ಕೆಲಸ ಮಾಡುವವರಿಗೆ, ಹಾಸಿಗೆ ಹಿಡಿದವರಿಗೆ, ಉತ್ತರದ ದೇಶಗಳಲ್ಲಿ ಇರುವವರಿಗೆ ಉಪಯೋಗ. ಸಾಮಾನ್ಯ ಕ್ರಮ ದಿನಕ್ಕೆ 30 ನಿಮಿಷ, ಲ್ಯಾಂಪ್ ಪಕ್ಕದಲ್ಲಿಟ್ಟುಕೊಂಡು ತಿಂಡಿಯೋ ಪೇಪರೋ. ಅದನ್ನು ದಿಟ್ಟಿಸಬೇಕಾಗಿಲ್ಲ. ಡಬ್ಬಿಯ ಮೇಲಿನ ಲಕ್ಸ್ ಯಾವ ದೂರದ್ದು ಅಂತ ನೋಡಿ. ದೂರ ಎರಡರಷ್ಟಾದರೆ ಬೆಳಕು ಹೆಚ್ಚು ಕಡಿಮೆ ಕಾಲು ಭಾಗಕ್ಕೆ ಇಳಿಯುತ್ತದೆ. ಅತಿನೇರಳೆ ಕಿರಣ ಸೋಸುವಂಥದ್ದೇ ಆಗಿರಲಿ.

ಬೈಪೋಲಾರ್ ಕಾಯಿಲೆ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಜೋರು ಬೆಳಕು ಮನಸ್ಸನ್ನು ಉನ್ಮಾದದ ಕಡೆ ತಳ್ಳಬಹುದು. ಸಕ್ಕರೆ ಕಾಯಿಲೆಯಿಂದ ಹಿಂಪರದೆ ಹಾಳಾದವರು, ಹಿಂಪರದೆಯ ಬೇರೆ ತೊಂದರೆ ಇರುವವರು, ಬೆಳಕಿಗೆ ಸೂಕ್ಷ್ಮ ಮಾಡುವ ಔಷಧಿ ತೆಗೆದುಕೊಳ್ಳುವವರು ಕಣ್ಣಿನ ಡಾಕ್ಟರನ್ನು ಕೇಳಿ. ಮೈಗ್ರೇನ್ ಇರುವವರಿಗೆ ತಲೆನೋವು ಕೆರಳಬಹುದು.

ಕಣ್ಣು ಕಾಣದವರಿಗೂ ಬೆಳಕು ಕೆಲಸ ಮಾಡುತ್ತಾ?

ಕೆಲವರಿಗೆ ಮಾಡುತ್ತದೆ. ಏನೂ ಕಾಣದ ಕೆಲವರಲ್ಲೂ ಬೆಳಕು ಬಿದ್ದಾಗ ಮೆಲಟೋನಿನ್ ಇಳಿಯುವುದನ್ನು 1995ರಲ್ಲೇ ತೋರಿಸಲಾಗಿತ್ತು. ಕಾರಣ ಆಗ ಒಗಟಾಗಿತ್ತು. 1998ರಲ್ಲಿ ಇಗ್ನೇಷಿಯೋ ಪ್ರೊವೆನ್ಸಿಯೋ ಮತ್ತು ಜೊತೆಗಾರರು ಮೆಲನಾಪ್ಸಿನ್ನನ್ನು ಕಪ್ಪೆಯ ಚರ್ಮದಲ್ಲಿ ಕಂಡುಹಿಡಿದರು. 2002ರಲ್ಲಿ ಡೇವಿಡ್ ಬರ್ಸನ್ ತಂಡ, ಇಲಿಯ ಹಿಂಪರದೆಯ ಕೆಲವು ಜೀವಕೋಶಗಳು ನೋಟದ ಕೋಶಗಳ ನೆರವಿಲ್ಲದೆಯೇ ಬೆಳಕಿಗೆ ಸ್ಪಂದಿಸುತ್ತವೆ ಎಂದು ತೋರಿಸಿತು. ನೋಟ ಹೋಗಿದ್ದರೂ ಈ ಕೋಶಗಳು ಉಳಿದಿದ್ದರೆ ಗಡಿಯಾರಕ್ಕೆ ಸುದ್ದಿ ತಲುಪುತ್ತದೆ. ಎರಡೂ ಕಣ್ಣು ತೆಗೆದುಹಾಕಿದವರಿಗೆ ಆ ದಾರಿಯಿಲ್ಲ. ಅಂಥವರಲ್ಲಿ ಹಲವರ ನಿದ್ದೆ ದಿನದಿಂದ ದಿನಕ್ಕೆ ಸರಿದು ಹಗಲಿಗೆ ಬಂದುಬಿಡುತ್ತದೆ. ಅದಕ್ಕೆ ನಿದ್ದೆಯ ತಜ್ಞರ ಬಳಿ ಔಷಧಿಯ ಚಿಕಿತ್ಸೆ ಇದೆ.

ನೀವು ಹೇಳಿದ್ದೆಲ್ಲಾ ಮಾಡಿದೆ. ಒಂದು ತಿಂಗಳಾದ್ರೂ ಮಂಪರು ಹೋಗ್ತಿಲ್ಲ.

ಹಾಗಾದರೆ ಬೆಳಕಿನ ವಿಷಯ ಬದಿಗಿಡಿ. ಜೋರಾಗಿ ಗೊರಕೆ ಹೊಡೆಯುತ್ತೀರಾ, ನಡುವೆ ಉಸಿರು ನಿಂತ ಹಾಗಾಗುತ್ತದಾ ಅಂತ ಮನೆಯವರನ್ನು ಕೇಳಿ. ಬೆಳಿಗ್ಗೆ ತಲೆನೋವು, ಒಣಗಿದ ಬಾಯಿ, ಹಗಲಲ್ಲಿ ಕೂತಲ್ಲೇ ನಿದ್ದೆ ಇದ್ದರೆ ನಿದ್ದೆಯಲ್ಲಿ ಉಸಿರುಗಟ್ಟುವ ತೊಂದರೆ ಇರಬಹುದು. ಅದಕ್ಕೆ ಪರೀಕ್ಷೆಯೂ ಇದೆ, ಚಿಕಿತ್ಸೆಯೂ ಇದೆ. ರಕ್ತಹೀನತೆ, ಥೈರಾಯ್ಡ್, ಖಿನ್ನತೆ ಕೂಡ ಹೀಗೇ ಕಾಣುತ್ತವೆ. ರಾತ್ರಿ ನೆಗಡಿಗೆ, ಅಲರ್ಜಿಗೆ ನುಂಗುವ ಮಾತ್ರೆಗಳ ಮಂಪರು ಮರುದಿನ ಬೆಳಗಿನವರೆಗೂ ಉಳಿಯಬಹುದು. ರಾತ್ರಿಯ ಮದ್ಯವೂ ಹಾಗೇ.

ಡಾಕ್ಟರ ಹತ್ತಿರ ಹೋಗುವ ಮುಂಚೆ ಎರಡು ವಾರ ಮಲಗಿದ ಹೊತ್ತು, ಎದ್ದ ಹೊತ್ತು, ನುಂಗಿದ ಮಾತ್ರೆ, ಕುಡಿದ ಕಾಫಿ ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದಿಡಿ. "ಸುಸ್ತು" ಅಂತ ಒಂದು ಮಾತು ಹೇಳಿ ಬಂದವರಿಗೆ ಟಾನಿಕ್ ಬರೆದು ಕಳಿಸುವುದು ಸುಲಭ. ಆ ಹಾಳೆ ಮುಂದಿಟ್ಟರೆ ಅವರೂ ಎರಡು ಪ್ರಶ್ನೆ ಹೆಚ್ಚು ಕೇಳುತ್ತಾರೆ.